ತಿರುಗಿ ನೋಡಿದರೆ ತಪ್ಪೇನು?

ಸ್ಮಶಾನಕ್ಕೆ ಹೋದಾಗ ಹೇಗೆ ನಡೆದುಕೊಳ್ಳಬೇಕು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಬರುವ ಉತ್ತರವೆಲ್ಲ ‘ಬಾರದು’ಗಳೇ. ಹೆಂಗಸರು ಬರಬಾರದು. ಮಕ್ಕಳನ್ನು ಕರೆತರಬಾರದು. ಬಸುರಿಯ ಗಂಡ ಚಟ್ಟಕ್ಕೆ ಹೆಗಲು ಕೊಡಬಾರದು. ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬಾರದು. ಹೊರಟ ಮೇಲೆ ತಿರುಗಿ ನೋಡಬಾರದು. ದಾರಿಯಲ್ಲಿ ಇನ್ನೊಬ್ಬರ ಮನೆ ಹೊಗಬಾರದು. ಸ್ನಾನ ಆಗದೆ ಹೊಸಿಲು ದಾಟಬಾರದು.

ಇಷ್ಟು ಕಟ್ಟಳೆಗಳಲ್ಲಿ ಅಲ್ಲಿ ಮಲಗಿರುವವರ ಬಗ್ಗೆ ಒಂದಾದರೂ ಇದೆಯೇ? ಬೆಳಗಿನಿಂದ ಬಿಸಿಲಲ್ಲಿ ನಿಂತು ಗುಂಡಿ ತೆಗೆದವನ ಬಗ್ಗೆ? ಹತ್ತು ಮಾರು ಆಚೆ, ಬೇರೆ ಚಿತೆಯ ಮುಂದೆ ಅಳುತ್ತ ನಿಂತ ಬೇರೆ ಮನೆಯವರ ಬಗ್ಗೆ? ಒಂದೂ ಇಲ್ಲ. ಎಲ್ಲವೂ ನಮ್ಮ ಮೈ, ನಮ್ಮ ಮನೆ, ನಮ್ಮ ಗ್ರಹಚಾರ ಕಾಪಾಡಿಕೊಳ್ಳುವ ಉಪಾಯಗಳು. ಇದನ್ನು ನಾವು ಸ್ಮಶಾನದ ಮರ್ಯಾದೆ ಅಂತ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದೇವೆ. ಓದಿದವರು, ಓದದವರು, ಹಳ್ಳಿಯವರು, ಅಪಾರ್ಟ್‌ಮೆಂಟಿನವರು, ಎಲ್ಲರಿಗೂ ಇದರಲ್ಲಿ ಒಮ್ಮತ. ಈ ಒಮ್ಮತ ತಪ್ಪು ಎನ್ನುವುದು ನನ್ನ ವಾದ. ತಪ್ಪು ಮಾತ್ರವಲ್ಲ, ನಮ್ಮ ಊರುಗಳ ಸ್ಮಶಾನಗಳು ಇವತ್ತು ಇರುವ ಸ್ಥಿತಿಗೆ ಇದೇ ಮೂಲ ಕಾರಣ.

ಸ್ನಾನದ ಮೇಲೆ ನನಗೇನೂ ತಕರಾರಿಲ್ಲ. ಪ್ಲೇಗು, ಕಾಲರಾ, ಸಿಡುಬು ಮನೆಮನೆಯನ್ನೇ ಬರಿದು ಮಾಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಹೆಣ ಹೊತ್ತು ಬಂದವನು ಬಟ್ಟೆ ನೆನೆಹಾಕಿ, ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬಂದಿದ್ದರೆ ಅದು ಬುದ್ಧಿವಂತಿಕೆ. ಆದರೆ ಅದು ಆರೋಗ್ಯದ ಮಾತು. ಆಸ್ಪತ್ರೆಯಿಂದ ಬಂದಾಗಲೂ ಕೈಕಾಲು ತೊಳೆಯುತ್ತೇವೆ. ಹಾಗಂತ ಆಸ್ಪತ್ರೆಯನ್ನು ಯಾರೂ ಅಪಶಕುನ ಅನ್ನುವುದಿಲ್ಲ, ಅಲ್ಲಿನ ನರ್ಸಮ್ಮನ ನೆರಳು ತಾಗಿತೆಂದು ಬೆಚ್ಚುವುದಿಲ್ಲ.

ತಿರುಗಿ ನೋಡಬಾರದು ಎನ್ನುವುದಕ್ಕೂ ಒಳ್ಳೆಯ ವಕೀಲರಿದ್ದಾರೆ. ಅವರ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ‘ಬೆಂಕಿ ಇಟ್ಟ ಮಗ ಅಲ್ಲೇ ನಿಂತುಬಿಟ್ಟರೆ ಅವನನ್ನು ಎಳೆದು ತರುವವರು ಯಾರು? ಬದುಕಿರುವವರ ಕಡೆಗೆ ಅವನ ಮುಖ ತಿರುಗಿಸಲೆಂದೇ ಹಿರಿಯರು ಹಾಗೆ ಮಾಡಿದರು’ ಎನ್ನುತ್ತಾರೆ. ಇರಬಹುದು. ಆ ಒಂದು ದಿನದ ಮಟ್ಟಿಗೆ, ಆ ಒಬ್ಬ ಮಗನ ಮಟ್ಟಿಗೆ ಅದು ಕರುಣೆಯ ಮಾತೇ. ಆದರೆ ಆ ಒಂದು ದಿನದ ಮಾತನ್ನು ನಾವು ಜೀವಮಾನಕ್ಕೆ ಹಿಗ್ಗಿಸಿದೆವು, ಒಬ್ಬ ಮಗನಿಗೆ ಹೇಳಿದ್ದನ್ನು ಇಡೀ ಊರಿಗೆ ಹಬ್ಬಿಸಿದೆವು. ಊರಿಗೆ ಊರೇ ಆ ಜಾಗದ ಕಡೆ ಬೆನ್ನು ಮಾಡಿ ಕುಳಿತಿದೆ.

ಈಚೆಗೆ ಇನ್ನೊಂದು ಬಗೆಯ ವಕೀಲರು ಹುಟ್ಟಿಕೊಂಡಿದ್ದಾರೆ. ಇವರ ಕೋರ್ಟು ವಾಟ್ಸ್‌ಆ್ಯಪ್. ಸ್ಮಶಾನದಲ್ಲಿ ‘ನೆಗೆಟಿವ್ ಎನರ್ಜಿ’ ಇರುತ್ತದಂತೆ, ಹೆಂಗಸರ ಉದ್ದ ಕೂದಲು ಅದನ್ನು ಆ್ಯಂಟೆನಾದ ಹಾಗೆ ಎಳೆದುಕೊಳ್ಳುತ್ತದಂತೆ, ಅದಕ್ಕೇ ನಮ್ಮ ಪೂರ್ವಜರು ವೈಜ್ಞಾನಿಕವಾಗಿ ಅವರನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರಂತೆ. ಕೂದಲೇ ತೊಂದರೆಯಾದರೆ ಅಷ್ಟು ದೊಡ್ಡ ಜಟೆ ಬಿಟ್ಟುಕೊಂಡ ಶಿವ ಅಲ್ಲೇ ಯಾಕೆ ಮನೆ ಮಾಡಿದ ಎಂದು ಇವರಲ್ಲಿ ಯಾರೂ ಕೇಳಿದಂತಿಲ್ಲ.

ಇವರೆಲ್ಲರಿಗಿಂತ ಗಂಭೀರವಾದ ಮಾತು ಬೇರೆಯೇ ಇದೆ: ‘ನಮ್ಮಲ್ಲಿ ಸುಡುತ್ತೇವೆ, ಬೂದಿ ನೀರಿಗೆ ಬಿಡುತ್ತೇವೆ. ಗೋರಿಯೇ ಇಲ್ಲದ ಮೇಲೆ ಹೋಗಿ ನೋಡುವುದೇನನ್ನು? ಸಮಾಧಿಗೆ ಹೂವು ಇಡುವುದೆಲ್ಲ ಬೇರೆಯವರ ಪದ್ಧತಿ.’ ಈ ‘ನಮ್ಮಲ್ಲಿ’ ಅಂದರೆ ಯಾರಲ್ಲಿ? ಕರ್ನಾಟಕದಲ್ಲಿ ಲಿಂಗಾಯತರು ಹೂಳುತ್ತಾರೆ. ದೇಹವನ್ನು ಕೂರಿಸಿ, ಕೈಗೆ ಲಿಂಗ ಕೊಟ್ಟು, ವಿಭೂತಿ ಬಿಲ್ವಪತ್ರೆಯ ನಡುವೆ ಮಣ್ಣು ಮಾಡುತ್ತಾರೆ. ದಲಿತರಲ್ಲಿ ಹೂಳುವವರೇ ಹೆಚ್ಚು. ಹಳ್ಳಿಗಾಡಿನ ಎಷ್ಟೋ ಜಾತಿಗಳಲ್ಲಿ ಹೂಳುವುದೇ ರೂಢಿ, ಹೊಲದ ಬದುವಿನಲ್ಲೇ ಅಜ್ಜ ಅಜ್ಜಿಯರ ಗುಡ್ಡೆಗಳಿರುತ್ತವೆ. ಉತ್ತರ ಕರ್ನಾಟಕದಲ್ಲಿ ಸಾವಿಗೆ ಹೋಗಿ ಬಂದವರು ಹೇಳುವುದೇ ‘ಮಣ್ಣಿಗೆ ಹೋಗಿದ್ದೆ’ ಅಂತ. ಸುಡುವ ಕೆಲವು ಜಾತಿಗಳ ಪದ್ಧತಿಯನ್ನು ಇಡೀ ನಾಡಿನ ಪದ್ಧತಿ ಎಂದು ಸಾರಿ, ಉಳಿದವರ ಗೋರಿಗಳನ್ನು ಕಣ್ಣಿಂದ ಅಳಿಸಿಹಾಕಿದ್ದು ಆ ಒಂದು ‘ನಮ್ಮಲ್ಲಿ’.

ಹಳೇ ಮೈಸೂರಿನ ಕಡೆ ಮೂರನೆಯ ದಿನವೋ ಐದನೆಯ ದಿನವೋ ಹಾಲು ತುಪ್ಪ ಬಿಡಲು ಗುಡ್ಡೆಯ ಹತ್ತಿರ ಮತ್ತೆ ಹೋಗಲೇಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಮುದ್ದೆ, ಸಾರು, ವೀಳ್ಯದೆಲೆ, ಕೆಲವರಿಗೆ ಒಂದು ಕಟ್ಟು ಬೀಡಿ. ಕಾಗೆ ಮುಟ್ಟುವವರೆಗೆ ಕಾಯುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಸಮಾಧಿ ತೊಳೆದು, ಸುಣ್ಣ ಬಳಿದು, ಹೂವು ಹಾಕುವ ಮನೆಗಳಿವೆ. ನವೆಂಬರ್ 2ರಂದು ಬೆಂಗಳೂರಿನ ಹೊಸೂರು ರಸ್ತೆಯ, ಕಲ್ಪಳ್ಳಿಯ ಕ್ರೈಸ್ತ ಸ್ಮಶಾನಗಳಿಗೆ ಹೋಗಿ ನೋಡಿ. ಹುಲ್ಲು ಕೀಳುವ ಅಜ್ಜ, ಶಿಲುಬೆ ಒರೆಸುವ ಸೊಸೆ, ಮೋಂಬತ್ತಿ ಹಚ್ಚಲು ಜಗಳವಾಡುವ ಮೊಮ್ಮಕ್ಕಳು. ಷಬ್-ಎ-ಬರಾತ್ ರಾತ್ರಿ ಖಬರಸ್ತಾನಕ್ಕೆ ಹೋಗುವ ಮುಸಲ್ಮಾನ, ಒಳಗೆ ಕಾಲಿಟ್ಟೊಡನೆ ಮೊದಲು ಮಾಡುವುದು ಅಲ್ಲಿ ಮಲಗಿರುವವರಿಗೆಲ್ಲ ಸಲಾಮು ಹೇಳುವುದು. ಗೋರಿ ತುಳಿಯಬಾರದು, ಗೋರಿಯ ಮೇಲೆ ಕೂರಬಾರದು ಎನ್ನುವುದು ಅವರಲ್ಲಿ ಮಕ್ಕಳಿಗೂ ಗೊತ್ತು. ಅಲ್ಲೂ ‘ಬಾರದು’ ಇದೆ, ಆದರೆ ಅದು ಮಣ್ಣೊಳಗೆ ಇರುವವರ ಪರವಾಗಿ ಇರುವ ‘ಬಾರದು’. ಹಾಗಂತ ಅವರಲ್ಲಿ ಎಲ್ಲವೂ ಸರಿ ಎಂದು ಹೇಳಲು ಹೊರಟಿಲ್ಲ; ಹೆಂಗಸರು ಖಬರಸ್ತಾನಕ್ಕೆ ಬರಬಹುದೇ ಎಂಬ ಜಗಳ ಅಲ್ಲೂ ಮುಗಿದಿಲ್ಲ.

ಇನ್ನು ಶರಣರ ಮಾತು. ಐದು ಸೂತಕಗಳನ್ನು ಅವರು ಬೇಡವೆಂದರು. ಅದರಲ್ಲಿ ಪ್ರೇತ ಸೂತಕವೂ ಒಂದು. ಹನ್ನೆರಡನೆಯ ಶತಮಾನದಲ್ಲಿ, ಇದೇ ನೆಲದಲ್ಲಿ, ಹೆಣ ಮುಟ್ಟಿದರೆ ಮೈಲಿಗೆ ಎಂಬ ಮಾತನ್ನು ತಳ್ಳಿಹಾಕಿಯಾಗಿತ್ತು. ಇವತ್ತು ಶರಣರ ಹೆಸರು ಹೇಳುವ ಮನೆಗಳಲ್ಲೂ ಮಣ್ಣಿನಿಂದ ಬಂದವರಿಗೆ ಹಿತ್ತಲಲ್ಲೇ ಬಿಂದಿಗೆ ಕಾದಿರುತ್ತದೆ.

ನಮ್ಮ ನಂಬಿಕೆ ಎಷ್ಟು ಟೊಳ್ಳು ಎಂದು ತಿಳಿಯಬೇಕಾದರೆ ಕಂಠೀರವ ಸ್ಟುಡಿಯೋಗೆ ಹೋಗಬೇಕು. 2006ರಲ್ಲಿ ರಾಜಕುಮಾರ್, 2017ರಲ್ಲಿ ಪಾರ್ವತಮ್ಮ, 2021ರ ಅಕ್ಟೋಬರ್ 31ರಂದು ಪುನೀತ್ ಅಲ್ಲಿ ಮಣ್ಣಾದರು. ಅಂದಿನಿಂದ ಅಲ್ಲಿಗೆ ಬಂದವರಲ್ಲಿ ಹಸುಗೂಸು ಎತ್ತಿಕೊಂಡ ತಾಯಂದಿರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ, ಮದುವೆಯ ಹಾರ ಹಾಕಿಕೊಂಡೇ ಬಂದ ಜೋಡಿಗಳಿದ್ದಾರೆ. ಯಾರಿಗೂ ಮೈಲಿಗೆಯಾಗಲಿಲ್ಲ. ಬಂದವರು ಸ್ನಾನ ಮಾಡಿಕೊಂಡು ಬಂದರೇ ಹೊರತು ಹೋಗಿ ಸ್ನಾನ ಮಾಡಲಿಲ್ಲ. ಪ್ರೀತಿ ಇದ್ದ ಕಡೆ ಸಮಾಧಿ ಗುಡಿಯಾಗುತ್ತದೆ ಅಂತ ಇದನ್ನು ಮೆಚ್ಚುವವರಿದ್ದಾರೆ. ಮೆಚ್ಚಲಿ. ನನ್ನ ಪ್ರಶ್ನೆ ಇಷ್ಟೇ: ಅದೇ ತಾಯಿ ತನ್ನ ಸ್ವಂತ ಅಪ್ಪನ ಗುಡ್ಡೆಯ ಹತ್ತಿರ ಹೋಗುತ್ತೇನೆ ಅಂದರೆ ಮನೆಯವರು ಹೌಹಾರುವುದು ಯಾಕೆ? ಸಿನಿಮಾದಲ್ಲಿ ಕಂಡವರ ಸಮಾಧಿ ದರ್ಶನ, ಹೆತ್ತವರ ಸಮಾಧಿ ಅಪಶಕುನ. ಇಂಥ ಶಾಸ್ತ್ರ ಯಾವ ಪಂಚಾಂಗದಲ್ಲಿದೆ?

ಹೆಂಗಸರ ವಿಷಯಕ್ಕೆ ಬಂದಾಗಲಂತೂ ನಮ್ಮ ಕಪಟಕ್ಕೆ ಮಿತಿಯಿಲ್ಲ. ‘ಹೆಣ್ಣು ಹೃದಯ ಮೃದು, ತಡೆಯುವುದಿಲ್ಲ’ ಎನ್ನುತ್ತಾರೆ. ಸಾವಿನ ಮನೆಯಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡೋಣ. ರಾತ್ರಿಯಿಡೀ ದೇಹದ ಪಕ್ಕ ಕುಳಿತು ನೊಣ ಓಡಿಸುವವರು ಹೆಂಗಸರು. ಸತ್ತದ್ದು ಅತ್ತೆಯಾದರೆ ಸೊಸೆಯೇ ಮೈ ತೊಳೆಸಿ, ಸೆಟೆದ ತೋಳಿಗೆ ರವಿಕೆ ತೂರಿಸಿ, ಸೀರೆ ಉಡಿಸಿ, ಕೆನ್ನೆಗೆ ಅರಿಶಿನ ಹಚ್ಚುತ್ತಾಳೆ. ಬಾಯಿ ಮುಚ್ಚದಿದ್ದರೆ ಗಲ್ಲಕ್ಕೆ ಬಟ್ಟೆ ಕಟ್ಟುವವಳೂ ಅವಳೇ. ಕೊನೆಯ ವರ್ಷಗಳಲ್ಲಿ ಹಾಸಿಗೆಯಲ್ಲಿ ಆದದ್ದನ್ನೆಲ್ಲ ಬಳಿದವಳೂ ಅವಳೇ. ಇಷ್ಟೂ ಹೊತ್ತು ಗಂಡಸರು ಬೀದಿಯ ಆ ತುದಿಯಲ್ಲಿ, ಬಾಡಿಗೆ ಕುರ್ಚಿಗಳ ಮೇಲೆ, ಜೆಸಿಬಿ ಬಂತಾ ಇಲ್ಲವಾ ಅಂತ ಫೋನಿನಲ್ಲಿ ಕೂಗಾಡುತ್ತಿರುತ್ತಾರೆ. ಚಟ್ಟ ಎದ್ದ ಕೂಡಲೇ ಮೃದು ಹೃದಯದವಳು ಯಾರು, ಗಟ್ಟಿ ಹೃದಯದವರು ಯಾರು ಎಂದು ತೀರ್ಮಾನವಾಗಿಬಿಡುತ್ತದೆ. ಪುರಿ, ಕಾಸು ಎರಚುತ್ತ ಮೆರವಣಿಗೆ ಹೊರಡುತ್ತದೆ. ಬೀದಿಯ ತಿರುವಿನಲ್ಲಿ ಯಾರೋ ಚಿಕ್ಕಪ್ಪ ಕೈ ಅಡ್ಡ ಹಿಡಿಯುತ್ತಾನೆ: ‘ಇಲ್ಲಿಗೆ ಸಾಕು ಕಣಮ್ಮ, ನೀವೆಲ್ಲ ವಾಪಸ್ ಹೋಗಿ, ಮನೆ ಸಾರಿಸ್ಬೇಕು.’ ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಸಿಕ್ಕುವ ಕೊನೆಯ ಅಪ್ಪಣೆ ಅದು, ಮನೆ ಸಾರಿಸು.

ಟಿವಿ ಬಂದ ಮೇಲೆ ಈ ಕಟ್ಟಳೆ ನಗೆಪಾಟಲೂ ಆಗಿದೆ. ದೊಡ್ಡವರು ತೀರಿಕೊಂಡಾಗ ಚಿತೆಗೆ ಬೆಂಕಿ ಇಡುವುದನ್ನು ನೇರಪ್ರಸಾರದಲ್ಲಿ ನಾಡಿನ ಹೆಂಗಸರೆಲ್ಲ ಊಟದ ತಟ್ಟೆ ಮುಂದಿಟ್ಟುಕೊಂಡು ನೋಡುತ್ತಾರೆ. ಕಾಣದವರ ಚಿತೆ ನಡುಮನೆಗೇ ಬರಬಹುದು. ಸ್ವಂತ ಗಂಡನ ಚಿತೆಯ ಹತ್ತಿರ ಇವಳು ಹೋಗಬಾರದು. ವಾಜಪೇಯಿಯವರ ಚಿತೆಗೆ 2018ರಲ್ಲಿ ಬೆಂಕಿ ಇಟ್ಟದ್ದು ಅವರ ಸಾಕುಮಗಳು. ಜನರಲ್ ಬಿಪಿನ್ ರಾವತ್ ಮತ್ತು ಅವರ ಪತ್ನಿಯ ಚಿತೆಗೆ 2021ರಲ್ಲಿ ಕೊಳ್ಳಿ ಇಟ್ಟವರು ಇಬ್ಬರು ಹೆಣ್ಣುಮಕ್ಕಳು. ದೇಶ ಕಣ್ಣೊರೆಸಿಕೊಂಡು ನೋಡಿತು, ಆಮೇಲೆ ನಮ್ಮ ಬೀದಿಯ ತಿರುವಿನಲ್ಲಿ ಚಿಕ್ಕಪ್ಪ ಮತ್ತೆ ಕೈ ಅಡ್ಡ ಹಿಡಿದ.

ಶಾಸ್ತ್ರದಲ್ಲಿದೆ ಎನ್ನುವವರು ಋಗ್ವೇದದ ಹತ್ತನೆಯ ಮಂಡಲದ ಹದಿನೆಂಟನೆಯ ಸೂಕ್ತವನ್ನು ಬಿಡಿಸಿ ನೋಡಬೇಕು. ಅದು ಸಾವಿನ ಸೂಕ್ತ. ಕಣ್ಣಿಗೆ ಅಂಜನ ಹಚ್ಚಿಕೊಂಡ ಮುತ್ತೈದೆಯರು ಮುಂದಾಗಿ ಬರಲಿ ಎಂದು ಅಲ್ಲಿದೆ. ಗಂಡನ ದೇಹದ ಪಕ್ಕದಲ್ಲಿರುವ ಹೆಂಡತಿಯನ್ನು ಬದುಕಿನ ಲೋಕಕ್ಕೆ ಎದ್ದು ಬಾ ಎಂದು ಕರೆಯುವ ಮಾತಿದೆ. ಅಲ್ಲಿಗೆ ಬರಲೇಬಾರದ ಹೆಂಗಸನ್ನು ‘ಎದ್ದು ಬಾ’ ಎಂದು ಕರೆಯುವುದು ಹೇಗೆ? ಮಹಾಭಾರತದಲ್ಲಿ ಒಂದು ಪರ್ವದ ಹೆಸರೇ ಸ್ತ್ರೀಪರ್ವ. ಹೆಣ ಚೆಲ್ಲಿದ ಕುರುಕ್ಷೇತ್ರದಲ್ಲಿ ಗಾಂಧಾರಿ, ಅವಳ ಸೊಸೆಯಂದಿರು ತಮ್ಮವರನ್ನು ಹುಡುಕುತ್ತ ತಿರುಗುವುದೇ ಅದರ ವಸ್ತು. ಕನ್ನಡಕ್ಕೆ ಬನ್ನಿ. ಅನಂತಮೂರ್ತಿಯವರ ‘ಸಂಸ್ಕಾರ’ 1965ರ ಕಾದಂಬರಿ. ನಾರಣಪ್ಪನ ಹೆಣ ಯಾರು ಸುಡಬೇಕೆಂದು ಅಗ್ರಹಾರದ ಗಂಡಸರೆಲ್ಲ ಶಾಸ್ತ್ರ ಹುಡುಕುತ್ತ ಕೂತಿರುವಾಗ ರಾತ್ರೋರಾತ್ರಿ ಆ ಕೆಲಸ ಮುಗಿಸುವುದು ಚಂದ್ರಿ, ಅಹಮದ್ ಬ್ಯಾರಿಯ ನೆರವಿನಿಂದ. ಹೆಣಕ್ಕೆ ಮರ್ಯಾದೆ ಮಾಡಿದವರು ಆ ಇಬ್ಬರೇ.

ಹರಿಶ್ಚಂದ್ರನ ಕತೆ ಇನ್ನೂ ಹಳೆಯದು, ಇನ್ನೂ ಖಾರವಾದದ್ದು. ಬೆಂಗಳೂರಿನಲ್ಲಿ ಹರಿಶ್ಚಂದ್ರ ಘಾಟ್ ಎಂಬ ಸ್ಮಶಾನವೇ ಇದೆ. ರಾಘವಾಂಕನ ಕಾವ್ಯ ಓದಿದವರಿಗೂ, 1965ರಲ್ಲಿ ಬಂದ ರಾಜಕುಮಾರ್ ಸಿನಿಮಾ ನೋಡಿದವರಿಗೂ ಆ ದೃಶ್ಯ ಗೊತ್ತು: ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ನಡುರಾತ್ರಿ ಒಬ್ಬಳೇ ಸುಡುಗಾಡಿಗೆ ಬರುತ್ತಾಳೆ. ಕಾವಲಿಗೆ ನಿಂತ ಗಂಡ ತೆರ ಕೇಳುತ್ತಾನೆ. ಮೂರು ತಲೆಮಾರು ಈ ದೃಶ್ಯಕ್ಕೆ ಅತ್ತಿದೆ. ಆದರೆ ಕಣ್ಣೀರು ಹಾಕಿದವರು ಇಬ್ಬರನ್ನೂ ಕೈಬಿಟ್ಟರು, ಸ್ಮಶಾನಕ್ಕೆ ಬಂದ ಹೆಂಗಸನ್ನೂ, ಸ್ಮಶಾನ ಕಾಯುವ ಗಂಡಸನ್ನೂ.

ಆ ಗಂಡಸಿನ ವಿಷಯವನ್ನೇ ನಾನು ಮುಖ್ಯವಾಗಿ ಹೇಳಬೇಕಾದ್ದು.

ಬೆಂಗಳೂರಿನ ಒಂದು ವಿದ್ಯುತ್ ಚಿತಾಗಾರ. ಹಳಿಯ ಮೇಲೆ ಸರಿಯುವ ಕಬ್ಬಿಣದ ಟ್ರಾಲಿ, ಮೇಲೇಳುವ ಬಾಗಿಲು, ಅದರ ಹಿಂದೆ ಕೆಂಪಗೆ ಕಾದ ಕುಲುಮೆ. ಬಾಗಿಲು ಎತ್ತಿದಾಗ ಕಾವು ಮುಖಕ್ಕೆ ಬಡಿದು ಬಂದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿಯದವನು ಒಬ್ಬನೇ, ಮೂಗಿಗೆ ಟವೆಲ್ ಸುತ್ತಿಕೊಂಡು ಉದ್ದನೆಯ ಕಂಬಿ ಹಿಡಿದವನು. ಒಂದು ಒಂದೂವರೆ ಗಂಟೆಯ ಮೇಲೆ ಅವನೇ ಬೂದಿ ಎಳೆದು, ಮೂಳೆ ಆಯ್ದು, ನೀರು ಚಿಮುಕಿಸಿ, ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತರುತ್ತಾನೆ. ಮಡಕೆಯನ್ನು ಕೈಗೆ ಕೊಡಲು ಹೋದರೆ ಬಿಳಿ ಪಂಚೆಯ ಮಗ ಗಲ್ಲದಿಂದ ನೆಲದ ಕಡೆ ಸನ್ನೆ ಮಾಡುತ್ತಾನೆ. ಅವನು ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಇವನು ಬಗ್ಗಿ ಎತ್ತಿಕೊಳ್ಳಬೇಕು. ಆಮೇಲೆ ಜೇಬಿನಿಂದ ಐನೂರರ ನೋಟು. ಚಾಚಿದ ಅಂಗೈಗೂ ನೋಟು ಹಿಡಿದ ಬೆರಳಿಗೂ ನಡುವೆ ಗೇಣು ಜಾಗ. ಅಷ್ಟು ಎತ್ತರದಿಂದ ನೋಟು ಬೀಳುತ್ತದೆ. ಅಪ್ಪನ ಮೂಳೆಗಳನ್ನು ಒಂದೊಂದಾಗಿ ಆಯ್ದ ಕೈ ಅದು. ಆ ಕೈ ತಾಗಿದರೆ ಮಗನಿಗೆ ಮೈಲಿಗೆ.

ಈ ಮಗನಿಗೆ ಶಿಷ್ಟಾಚಾರ ಗೊತ್ತಿಲ್ಲ ಎನ್ನುವಂತಿಲ್ಲ. ಅವನು ತನಗೆ ಕಲಿಸಿದ ಶಿಷ್ಟಾಚಾರವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ತೊಂದರೆ ಇರುವುದೇ ಅಲ್ಲಿ.

ಈ ಕೆಲಸದವರಲ್ಲಿ ಬಹುಪಾಲು ದಲಿತರು. ಅಪ್ಪ, ಅಜ್ಜ, ಮುತ್ತಜ್ಜ ಇದೇ ಕೆಲಸ ಮಾಡಿದ ಕುಟುಂಬಗಳು. ಎಷ್ಟೋ ಜನ ಸ್ಮಶಾನದ ಆವರಣದಲ್ಲೇ ಮನೆ ಮಾಡಿಕೊಂಡು, ಅಲ್ಲೇ ಮಕ್ಕಳನ್ನು ಬೆಳೆಸಿದವರು. ಹಳ್ಳಿಗಳಲ್ಲಿ ಗುಂಡಿ ತೆಗೆಯುವುದು ಇಂಥ ಕೇರಿಯವರ ಪಾಲಿಗೆ ಎಂದು ಗೊತ್ತು ಮಾಡಿಟ್ಟ ಬಿಟ್ಟಿ ಚಾಕರಿ. ಸುಡುಗಾಡು ಸಿದ್ಧರು ಎಂಬ ಅಲೆಮಾರಿ ಸಮುದಾಯದ ಹೆಸರಲ್ಲೇ ಸುಡುಗಾಡು ಅಂಟಿಕೊಂಡಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದಾಗ ಅವರಿಂದ ಹೆಣ ಹೊರಿಸುವುದು, ಗುಂಡಿ ತೋಡಿಸುವುದು ಅಪರಾಧ ಎಂದು ಬರೆಯಬೇಕಾಯಿತು. ಸ್ಮಶಾನವನ್ನು ಎಲ್ಲರಂತೆ ಬಳಸದ ಹಾಗೆ ಅವರನ್ನು ತಡೆಯುವುದೂ ಅಪರಾಧ ಎಂದು ಸೇರಿಸಬೇಕಾಯಿತು. ಗುಂಡಿ ತೋಡಲು ಬೇಕು, ಅದೇ ನೆಲದಲ್ಲಿ ಮಲಗಲು ಬೇಡ. ನಮ್ಮ ಮರ್ಯಾದೆಯ ವೈಖರಿಯನ್ನು ಈ ಎರಡು ಕಲಮುಗಳಷ್ಟು ಚೆನ್ನಾಗಿ ಯಾವ ಸಮಾಜಶಾಸ್ತ್ರಜ್ಞನೂ ಬರೆದಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳ ಕೋವಿಡ್ ಕಾಲವನ್ನು ನಾವು ಇಷ್ಟು ಬೇಗ ಮರೆತೆವೇ? ಚಿತಾಗಾರಗಳ ಮುಂದೆ ಆಂಬುಲೆನ್ಸುಗಳ ಸಾಲು. ಚಾಮರಾಜಪೇಟೆಯಲ್ಲಿ ಗೇಟಿಗೆ ‘ಹೌಸ್‌ಫುಲ್’ ಫಲಕ ತೂಗುಹಾಕಬೇಕಾಯಿತು. ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆಗಳು. ಮಕ್ಕಳೇ ಹತ್ತಿರ ಬರಲು ಹೆದರಿದ ದೇಹಗಳನ್ನು ಎತ್ತಿದ್ದು ಸ್ಮಶಾನದ ಕಾರ್ಮಿಕರು ಮತ್ತು ಗುರುತು ಪರಿಚಯ ಇಲ್ಲದ ಸ್ವಯಂಸೇವಕರು. ಯಾರೂ ಬಂದು ಒಯ್ಯದ ನೂರಾರು ಜನರ ಅಸ್ಥಿಯನ್ನು ಆ ಜೂನ್‌ನಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರ ಕಾವೇರಿಗೆ ಬಿಟ್ಟರು. ಸೋಂಕಿನ ಭಯ ನಿಜ, ಲಾಕ್‌ಡೌನ್ ನಿಜ. ಆದರೆ ಬೂದಿಗೆ ಸೋಂಕಿಲ್ಲ. ಬೂದಿಯಿಂದಲೂ ದೂರ ನಿಂತದ್ದಕ್ಕೆ ವೈರಾಣುವೊಂದನ್ನೇ ದೂರುವಂತಿಲ್ಲ. ಅಲ್ಲಿಂದ ಆದಷ್ಟು ಬೇಗ ಹೊರಡು, ಮತ್ತೆ ಹೋಗಬೇಡ ಎಂದು ನಾವು ತಲೆಮಾರುಗಟ್ಟಲೆ ಕಲಿಸಿದ ಪಾಠ ಆ ವರ್ಷ ಫಲ ಕೊಟ್ಟಿತು. ಮಾರನೆಯ ವರ್ಷ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಸ್ಮಶಾನ ಕಾರ್ಮಿಕರನ್ನು ಮನೆಗೆ ಕರೆದು ಉಪಾಹಾರ ಕೊಟ್ಟರು, ಇನ್ನು ಮುಂದೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯೋಣ ಎಂದರು. ಒಂದೇ ಮೇಜಿಗೆ ಕೂರಿಸಿದ್ದು ಒಳ್ಳೆಯದೇ. ಹೊಸ ಹೆಸರು ಬಂದ ಮೇಲೆ ನೋಟು ಮತ್ತು ಅಂಗೈ ನಡುವಿನ ಗೇಣು ಜಾಗ ಎಷ್ಟು ಕಡಿಮೆಯಾಯಿತು ಎನ್ನುವುದನ್ನು ಸರ್ಕಾರ ಅಳೆಯಲಾರದು. ಅದನ್ನು ನಾವೇ ಅಳೆದುಕೊಳ್ಳಬೇಕು.

ಹಾಗಾದರೆ ಸ್ಮಶಾನದಲ್ಲಿ ಹೇಗಿರಬೇಕು? ಹತ್ತನೆಯ ಶತಮಾನದ ರನ್ನ ಇದಕ್ಕೊಂದು ದಾರಿ ತೋರಿಸಿದ್ದಾನೆ, ಅದೂ ದುರ್ಯೋಧನನ ಮೂಲಕ. ‘ಗದಾಯುದ್ಧ’ದಲ್ಲಿ ಎಲ್ಲ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ರಣರಂಗದ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಅವನೇನೂ ಕಣ್ಣು ಮುಚ್ಚಿಕೊಂಡು ದಾಟುವುದಿಲ್ಲ. ದ್ರೋಣನ ಹತ್ತಿರ ನಿಲ್ಲುತ್ತಾನೆ, ತನ್ನ ಮಗನ ಹತ್ತಿರ, ದುಶ್ಶಾಸನನ ಹತ್ತಿರ, ಕರ್ಣನ ಹತ್ತಿರ ನಿಲ್ಲುತ್ತಾನೆ, ಒಬ್ಬೊಬ್ಬರನ್ನೂ ಮಾತಾಡಿಸುತ್ತಾನೆ. ಅಭಿಮನ್ಯುವಿನ ಹತ್ತಿರವೂ ನಿಲ್ಲುತ್ತಾನೆ. ವೈರಿಯ ಮಗ, ಅವನ ಶೌರ್ಯವನ್ನು ಕೊಂಡಾಡಿ ಕೈ ಮುಗಿದೇ ಮುಂದೆ ಹೋಗುತ್ತಾನೆ. ಸತ್ತವರ ನಡುವೆ ನಡೆಯುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಗೊತ್ತಿಲ್ಲ. ನಾವಾದರೋ ನಮ್ಮ ಹೆಣ ಹೊತ್ತುಕೊಂಡು ಇನ್ನೊಬ್ಬರ ಗುಡ್ಡೆಗಳನ್ನು ಸಂತೆ ಮಾಳ ತುಳಿದ ಹಾಗೆ ತುಳಿದುಕೊಂಡು ಹೋಗುತ್ತೇವೆ. ಗುಂಡಿ ಮುಚ್ಚುವವರೆಗೆ ಯಾರದೋ ತಾಯಿಯ ಚಪ್ಪಡಿಯ ಮೇಲೆ ಕುಂಡಿಯೂರಿ ಬೀಡಿ ಹಚ್ಚುತ್ತೇವೆ, ಸೈಟಿನ ರೇಟು ಮಾತಾಡುತ್ತೇವೆ. ನಮ್ಮ ಸರದಿ ತಡವಾದರೆ ಪಕ್ಕದ ಮನೆಯವರ ಅಳುವಿನ ಮೇಲೆ ಸಿಡಿಮಿಡಿಗೊಳ್ಳುತ್ತೇವೆ. ಯಾರದೋ ಹೆಣದ ಮುಖ ಮೊಬೈಲಿಗೆ ಹಿಡಿದು ಸ್ಟೇಟಸ್ಸಿಗೆ ಹಾಕುತ್ತೇವೆ. ಹೊರಡುವಾಗ ತುಪ್ಪದ ಪ್ಯಾಕೆಟ್ಟು, ನೀರಿನ ಬಾಟಲಿ, ಸತ್ತವರ ಹಾಸಿಗೆ ದಿಂಬು ಎಲ್ಲವನ್ನೂ ಅಲ್ಲೇ ಬಿಸಾಕುತ್ತೇವೆ. ಇಷ್ಟೂ ಮಾಡಿ, ಮನೆ ಹೊಸಿಲ ಮುಂದೆ ಮಾತ್ರ ಬಹಳ ಎಚ್ಚರಿಕೆಯಿಂದ ಕಾಲು ತೊಳೆಯುತ್ತೇವೆ.

ಅಲ್ಲಿ ಬೇಕಾದ ನಡತೆ ಕಷ್ಟದ್ದೇನಲ್ಲ. ಸುತ್ತು ಬಳಸಿನದಾದರೂ ಗುಡ್ಡೆಗಳ ನಡುವಿನ ದಾರಿ ಹಿಡಿಯಬೇಕು. ಕೆಲಸದವನ ಹೆಸರು ಕೇಳಬೇಕು, ಹೆಸರು ಹಿಡಿದು ಕರೆಯಬೇಕು, ಏಕವಚನ ಬಿಡಬೇಕು. ಕೊಡುವುದನ್ನು ಕೈಗೆ ಕೈ ತಾಗುವಂತೆ ಕೊಡಬೇಕು. ಮಡಕೆಯನ್ನು ಅವರ ಕೈಯಿಂದಲೇ ತೆಗೆದುಕೊಳ್ಳಬೇಕು. ಬಂದ ಹೆಂಗಸರಿಗೆ ಮುಂದೆ ನಿಲ್ಲಲು ಜಾಗ ಬಿಡಬೇಕು. ಮೊಬೈಲು ಜೇಬಿನಲ್ಲಿರಬೇಕು. 2019ರಲ್ಲಿ ಗಿರೀಶ ಕಾರ್ನಾಡರ ದೇಹ ಕಲ್ಪಳ್ಳಿಯ ವಿದ್ಯುತ್ ಚಿತಾಗಾರಕ್ಕೆ ಹೋದಾಗ ಅವರ ಇಚ್ಛೆಯಂತೆ ವಿಧಿಗಳಿರಲಿಲ್ಲ, ಸರ್ಕಾರಿ ಗೌರವವೂ ಇರಲಿಲ್ಲ. ಎಲ್ಲರೂ ಹಾಗೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಮಂತ್ರ ಬೇಕಾದವರಿಗೆ ಮಂತ್ರ ಇರಲಿ, ತಮಟೆ ಬೇಕಾದವರಿಗೆ ತಮಟೆ ಇರಲಿ. ಗದ್ದಲವೇ ಗೌರವ ಎಂಬ ಭ್ರಮೆ ಬೇಡ, ಅಷ್ಟೆ.

ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಸತೀಶ ಜಾರಕಿಹೊಳಿ ಮತ್ತು ಅವರ ಮಾನವ ಬಂಧುತ್ವ ವೇದಿಕೆ ಹಲವು ವರ್ಷಗಳಿಂದ ಡಿಸೆಂಬರ್ 6ರಂದು ಮೌಢ್ಯದ ವಿರುದ್ಧ ಕಾರ್ಯಕ್ರಮ ಮಾಡುತ್ತಿದೆ. ಜನ ಅಲ್ಲೇ ಊಟ ಮಾಡುತ್ತಾರೆ, ರಾತ್ರಿ ಅಲ್ಲೇ ಉಳಿಯುವವರೂ ಇದ್ದಾರೆ. ಚುನಾವಣೆ ಗೆಲ್ಲಬೇಕಾದ ರಾಜಕಾರಣಿಯೊಬ್ಬರು ಇದನ್ನು ಮಾಡುವುದಕ್ಕೆ ಎದೆಗಾರಿಕೆ ಬೇಕು. ನನ್ನದೊಂದು ಸಣ್ಣ ತಗಾದೆ ಇದೆ. ಅಲ್ಲಿ ದೆವ್ವ ಇಲ್ಲ ಎಂದು ತೋರಿಸುವುದು ಅರ್ಧ ಕೆಲಸ. ಮೈಕು, ಪೆಂಡಾಲು, ಭಾಷಣ ಎಲ್ಲ ತೆಗೆದ ಮೇಲೆ ಅಲ್ಲಿ ಮನುಷ್ಯರು ಮಲಗಿದ್ದಾರೆ ಎಂದು ನೆನಪಿಟ್ಟುಕೊಳ್ಳುವುದು ಇನ್ನರ್ಧ. ಹೆದರಿಕೆ ಹೋದ ಕೂಡಲೇ ಮರ್ಯಾದೆ ತಾನಾಗಿ ಬರುವುದಿಲ್ಲ.

ತಿರುಗಿ ನೋಡದೆ ಬಂದದ್ದರ ಫಲ ಊರೂರಲ್ಲಿ ಎದ್ದು ಕಾಣುತ್ತದೆ. ಲಂಟಾನ ಬೆಳೆದ, ಬೇಲಿ ಕಿತ್ತ, ಒಂದು ಮೂಲೆಯನ್ನು ಯಾರೋ ಉತ್ತುಕೊಂಡ ಸ್ಮಶಾನ ನಮ್ಮ ಹಳ್ಳಿಗಳ ಮಾಮೂಲಿ ನೋಟ. ದಲಿತರ ಕೇರಿಯಿಂದ ಹೆಣ ಹೊರಟರೆ ದಾರಿ ಯಾರದೋ ಗದ್ದೆಯ ಮೇಲೆ ಹಾದು ಹೋಗಬೇಕು. ಗದ್ದೆಯವನು ಅಡ್ಡ ನಿಲ್ಲುತ್ತಾನೆ, ಹೆಣವನ್ನು ತಾಲ್ಲೂಕು ಕಚೇರಿಯ ಮುಂದಿಟ್ಟು ಧರಣಿ ಕೂರುತ್ತಾರೆ, ಮಾರನೆಯ ದಿನ ಜಿಲ್ಲಾ ಪುಟದಲ್ಲಿ ಸುದ್ದಿಯಾಗುತ್ತದೆ. ಪ್ರತಿ ಊರಿಗೂ ಸ್ಮಶಾನಕ್ಕೆ ಜಾಗ ಕೊಡಿ ಎಂದು ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಆದೇಶ ಮಾಡಬೇಕಾಯಿತು. ಅದನ್ನು ಪಾಲಿಸಲಿಲ್ಲ ಎಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು. ಶಾಲೆಗೆ ಕೊಠಡಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಗಲಾಟೆಯಾಗುತ್ತದೆ. ಸ್ಮಶಾನಕ್ಕೆ ನೀರಿಲ್ಲ ಎಂದು ಎದ್ದು ನಿಂತು ಕೇಳುವವನು ಅಪರೂಪ, ಏಕೆಂದರೆ ಅಂಥ ಮಾತು ಸಭೆಯಲ್ಲಿ ಆಡುವುದೇ ಅಪಶಕುನ.

ಹೆಂಗಸರಿಗೆ ಶೌಚಾಲಯವಿಲ್ಲದ ಸ್ಮಶಾನಗಳು ನಗರಗಳಲ್ಲೇ ಎಷ್ಟೋ ಇವೆ. ಕೂರಲು ನೆರಳಿರುವುದಿಲ್ಲ, ಕೈ ತೊಳೆಯಲು ಒಂದು ನಲ್ಲಿ ಇದ್ದರೆ ಅದೃಷ್ಟ. ಕೇಳಿದರೆ ‘ಹೆಂಗಸರು ಬರೋದೇ ಇಲ್ವಲ್ಲ ಸಾರ್, ಕಟ್ಟಿಸಿ ಏನು ಮಾಡೋದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಆವರಣದಲ್ಲೇ ಸಂಸಾರ ಮಾಡುವ ಕಾರ್ಮಿಕನ ಹೆಂಡತಿ, ಬೆಳೆದ ಹೆಣ್ಣುಮಕ್ಕಳು ಆ ಲೆಕ್ಕದಲ್ಲೇ ಇಲ್ಲ. ಮುಂದಿನ ವಾರ್ಡ್ ಸಭೆಗೋ ಗ್ರಾಮಸಭೆಗೋ ಹೋದಾಗ ಬಾಯಿಬಿಟ್ಟು ಕೇಳಬೇಕಾದ್ದು ಇದನ್ನೇ: ಸ್ಮಶಾನಕ್ಕೆ ಒಂದು ಬೋರ್‌ವೆಲ್, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ, ಕೆಲಸದವರಿಗೆ ಕೈಗವಸು, ಬೂಟು, ತಿಂಗಳಿಗೆ ಸರಿಯಾಗಿ ಸಂಬಳ. ಪಕ್ಕದಲ್ಲಿ ಕೂತವರು ‘ಒಳ್ಳೆ ಮಾತಾಡ್ರೀ’ ಅಂತ ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ, ಅರ್ಜಿಗೆ ಅವರ ಸಹಿಯನ್ನೂ ಕೇಳಿ.